ಹಿಂದಿನ ಸೀಟಿನಿಂದ ಕಂಡ ಕೊಡಗು

ಹಿಂದಿನ ಸೀಟಿನಲ್ಲಿ ಕೂತವರಿಗೆ ಊರು ನೋಡಿದ ಕಥೆ ಬರೆಯೋ ಹಕ್ಕಿಲ್ಲ ಅಂತ ನನ್ನ ನಾದಿನಿ ತೀರ್ಪು ಕೊಟ್ಟಿದ್ದಾಳೆ. "ಅತ್ತಿಗೆ, ನೀವು ನೋಡಿದ್ದು ಅಣ್ಣನ ಬೆನ್ನು ತಾನೇ? ಅದನ್ನ ಹಾಸನದಲ್ಲೇ ನೋಡಬಹುದಿತ್ತಲ್ಲ!" ಅಂತಾಳೆ. ಅವಳಿಗೇನು ಗೊತ್ತು. ನಮ್ಮವರು ಕುಳ್ಳಗೆ, ನಾನು ಅವರಿಗಿಂತ ಒಂದು ಗೇಣು ಎತ್ತರ. ಮದುವೆ ಚಪ್ಪರದಲ್ಲಿ ಇದನ್ನು ನೋಡಿ ನಗದವರಿಲ್ಲ. ಮೂವತ್ತೆಂಟು ವರ್ಷ ಆದ ಮೇಲೆ ಆ ಎತ್ತರ ಉಪಯೋಗಕ್ಕೆ ಬಂತು. ಅವರ ಕರಿ ಟೋಪಿಯ ಮೇಲಿಂದ ನನಗೆ ದಾರಿಯೆಲ್ಲ ಕಾಣಿಸುತ್ತಿತ್ತು.

ನಮ್ಮದು ಜೋಡಿ ಸೈಕಲ್ಲು. ಎರಡೇ ಚಕ್ರ, ಆದರೆ ಒಂದರ ಹಿಂದೆ ಒಂದು ಎರಡು ಸೀಟು, ಎರಡು ಜೊತೆ ಪೆಡಲ್ಲು. ಮುಂದೆ ಕೂತವರ ಕೈಯಲ್ಲಿ ಹ್ಯಾಂಡಲ್ಲು, ಬ್ರೇಕು, ಬೆಲ್ಲು ಎಲ್ಲ ಅಧಿಕಾರ. ಹಿಂದೆ ಕೂತವರಿಗೂ ಒಂದು ಹ್ಯಾಂಡಲ್ ಇದೆ, ಅದು ಅಲ್ಲಾಡೋದಿಲ್ಲ. ಅದನ್ನು ಹಿಡಿದುಕೊಂಡು ದೇವರ ಮೇಲೆ ಭಾರ ಹಾಕಬೇಕು ಅಷ್ಟೇ. ಸಕಲೇಶಪುರದ ಕಡೆ ತೋಟ ಮಾರಿ ತಮ್ಮ ದೇಶಕ್ಕೆ ಹೊರಟ ದೊರೆ, ದೊರೆಸಾನಿ ಬಿಟ್ಟುಹೋದ ಸೈಕಲ್ ಅದು. ದೊರೆಸಾನಿ ಲಂಗ ಹಾಕ್ಕೊಂಡು ಕೂರೋದಕ್ಕೆ ಅಂತ ಹಿಂದುಗಡೆ ಅಡ್ಡಕಂಬಿ ಇಲ್ಲ, ಹಾಗಾಗಿ ಸೀರೆಗೂ ತೊಂದರೆ ಇಲ್ಲ.

ನಮ್ಮವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಸೀಮೆಸುಣ್ಣ ಹಿಡಿದು ಒಂದೇ ಏಟಿಗೆ ಚಂದ್ರನಂಥ ವೃತ್ತ ಎಳೆಯೋರು. ವಯಸ್ಸಿನಲ್ಲಿ ಒಮ್ಮೆ ಬಣ್ಣದ ಪೆಟ್ಟಿಗೆ ಹೊತ್ತುಕೊಂಡು ಕೊಡಗಿನ ಆ ತುದಿ ಮಾಕುಟ್ಟದ ತನಕ ನಡೆದುಹೋಗಿದ್ದರಂತೆ. ಘಾಟಿಯ ಒಂದು ತಿರುವಿನಲ್ಲಿ ಕಾಡು ಮೆಟ್ಟಿಲು ಮೆಟ್ಟಿಲಾಗಿ ಮಲಬಾರಿಗೆ ಇಳಿಯೋದು ಕಾಣುತ್ತೆ, ಅದನ್ನು ಇನ್ನೊಂದು ಸಲ ನೋಡಬೇಕು ಅಂತ ಹಠ ಹಿಡಿದರು. "ಬಿಸಿಲುಕಾಲಕ್ಕೆ ಹೋಗೋಣ" ಅಂದೆ. "ಈಗಲೇ ಹೋಗಬೇಕು ಕಣೇ, ಆಮೇಲೆ ಆಗುತ್ತೋ ಇಲ್ವೋ" ಅಂದರು. ಮಂಡಿನೋವಿನ ಮಾತು ಅಂದುಕೊಂಡೆ.

ಇನ್ನೊಂದು ಮಾತು ಹೇಳಬೇಕು, ಹೇಳೋಕೆ ಸಂಕಟವಾಗುತ್ತೆ. ಹೋದ ಗೌರಿಹಬ್ಬದಿಂದ ಈಚೆಗೆ ನಮ್ಮವರಿಗೆ ನನ್ನ ಮಾತು ರುಚಿಸೋಕೆ ಶುರುವಾಗಿತ್ತು. ಸೈಕಲ್ ಹತ್ತಿದರೆ ಸಾಕು, "ಮಾತಾಡ್ತಾ ಇರೇ. ಮುಂದೆ ಏನೇನು ಬರ್ತಾ ಇದೆ ಹೇಳು" ಅನ್ನೋರು. ನಾನು ಎತ್ತಿನಗಾಡಿ, ಗುಂಡಿ, ಸೇತುವೆ, ಎಮ್ಮೆ ಎಲ್ಲ ಹೇಳ್ತಾ ಹೋಗ್ತಿದ್ದೆ. ಇಷ್ಟು ವರ್ಷಕ್ಕೆ ಗಂಡ ನನ್ನ ಮಾತಿಗೆ ಕಿವಿ ಕೊಟ್ಟರಲ್ಲ ಅಂತ ಒಳಗೊಳಗೇ ಹಿಗ್ಗಿದ್ದೆ. ಎಂಥ ದಡ್ಡಿ ನಾನು!

ಕೊಡ್ಲಿಪೇಟೆ

ಕೊಡಗು ಬೇರೆ ರಾಜ್ಯ, ನಮಗೆ ಮೈಸೂರು ರಾಜ್ಯದವರಿಗೆ ಪರದೇಶ. ಪರದೇಶದ ಮೊದಲ ಊರು ಕೊಡ್ಲಿಪೇಟೆ. ಅಲ್ಲಿ ಇಳಿದು ನೋಡಿದರೆ ಅದೇ ರಾಗಿ, ಅದೇ ಭಾಷೆ, ಜಗಳ ಆಡೋ ರಾಗವೂ ನಮ್ಮದೇ. ಬೈಯೋದನ್ನು ಕೇಳಿ ನಮ್ಮ ಬೀದಿಗೇ ತಿರುಗಿ ಬಂದೆವೇನೋ ಅನ್ನಿಸಿತು. ವ್ಯತ್ಯಾಸ ಒಂದೇ, ನಮ್ಮ ಕಡೆ ಗೋಡೆಯ ಮೊಳೆಗೆ ಕೊಡೆ ನೇತುಹಾಕುವಲ್ಲಿ ಇವರು ಕೋವಿ ನೇತುಹಾಕುತ್ತಾರೆ.

ಗಡಿ ಗೇಟಿನ ಪೇದೆ ಪುಸ್ತಕ ಬಿಡಿಸಿಕೊಂಡು ಸೈಕಲ್ಲಿನ ಸುತ್ತ ಎರಡು ಸಲ ಬಂದ. "ಇದನ್ನ ಒಂದು ಅಂತ ಬರೀಲೋ, ಎರಡು ಅಂತ ಬರೀಲೋ?" ಅಂದ.

"ಗಂಡ ಹೆಂಡ್ತೀನ ಏನಂತ ಬರೀತೀರೋ ಹಾಗೇ ಬರೀರಿ" ಅಂದೆ. ಪಕ್ಕದ ಕಾಫಿ ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ನಮ್ಮವರು ಹೊರಡುವಾಗ ಟೋಪಿ ತೆಗೆದು ಗೇಟಿನ ಕಂಬಕ್ಕೆ "ಬರ್ತೀವಿ ಸಾರ್" ಅಂದರು. ಪೇದೆ ಈ ಕಡೆ ನಿಂತಿದ್ದ. ತಮಾಷೆ ಅಂತ ಮತ್ತೆ ಎಲ್ಲ ನಕ್ಕರು, ನಾನೂ ನಕ್ಕೆ.

ಸುಂಟಿಕೊಪ್ಪದಿಂದ ಆಚೆಗೆ

ಶನಿವಾರಸಂತೆ, ಸೋಮವಾರಪೇಟೆ ದಾಟುವಾಗ ಏರು ಬಂದಲ್ಲೆಲ್ಲ ಇಳಿದು ತಳ್ಳಿದೆವು. ಸುಂಟಿಕೊಪ್ಪ ಕಳೆದ ಮೇಲೆ ಎರಡೂ ಕಡೆ ಬರೀ ಕಾಫಿ ತೋಟ. ಬೆಳಿಗ್ಗೆ ಹತ್ತು ಗಂಟೆಯಾದರೂ ಮಂಜು ಎದ್ದಿರಲಿಲ್ಲ. ತೋಟದೊಳಗೆ ಹಣ್ಣು ಕೀಳುವ ಹೆಂಗಸರ ಮಾತು ಕೇಳಿಸುತ್ತಿತ್ತು, ಒಬ್ಬರೂ ಕಾಣಿಸುತ್ತಿರಲಿಲ್ಲ. ಗಿಡಗಳೇ ತಮಿಳು ಮಾತಾಡ್ತಿವೆ ಅನ್ನಿಸಿ ಮೈ ಜುಂ ಅಂತು.

ನಮ್ಮವರು ಕೋಳಿಯ ಹಾಗೆ ಕತ್ತು ಓರೆಮಾಡಿಕೊಂಡು ಓಡಿಸುತ್ತಿದ್ದರು. ಈಚೆಗೆ ಹಾಗೇ. ಕತ್ತು ಹಿಡಿದಿದೆ, ಎಣ್ಣೆ ತಿಕ್ಕಬೇಕು ಅಂತ ನಾನು ಯೋಚಿಸುತ್ತಿದ್ದಾಗ ಟ್ರಿಣ್ ಟ್ರಿಣ್ ಅಂತ ಬೆಲ್ ಹೊಡೆದರು.

"ಅಜ್ಜ, ಸ್ವಲ್ಪ ದಾರಿ ಬಿಡಿ" ಅಂದರು.

ನಾನು ಟೋಪಿಯ ಮೇಲಿಂದ ನೋಡಿದೆ. ದಾರಿ ಖಾಲಿ.

"ಯಾರಿಗ್ರೀ ಹೇಳಿದ್ದು?"

"ಆ ಮುದುಕರಿಗೆ. ಕಾಣಲಿಲ್ವಾ ನಿಂಗೆ? ಕರಿ ಕಂಬಳಿ, ಅಂಚಿಗೆ ಕೆಂಪು ನೂಲು. ಕೈಯಲ್ಲಿ ಬೆತ್ತ. ಎಷ್ಟು ಲಕ್ಷಣವಾದ ಮುಖ!"

ತಿರುಗಿ ನೋಡಿದೆ. ಹಿಂದೆಯೂ ಯಾರೂ ಇಲ್ಲ. ತೋಟಕ್ಕೆ ಇಳಿದಿರಬೇಕು ಅಂದುಕೊಂಡೆ. ಆದರೆ ಅಲ್ಲಿ ಎರಡೂ ಕಡೆ ಎದೆಮಟ್ಟದ ಬೇಲಿ ಇತ್ತು. ಆ ವಯಸ್ಸಿನವರು ದಾಟುವ ಬೇಲಿ ಅಲ್ಲ. ಇದನ್ನು ಯೋಚಿಸುತ್ತಿದ್ದಾಗಲೇ ನಮ್ಮ ಉದ್ದನೆಯ ಚೈನು ಫಟ್ ಅಂತ ತುಂಡಾಗಿ ರಸ್ತೆಯ ಮೇಲೆ ಬಿತ್ತು.

ಚೆಟ್ಟಳ್ಳಿ

ಅರ್ಧ ಗಂಟೆ ತಳ್ಳಿದ ಮೇಲೆ ಜೀಪೊಂದು ನಿಂತಿತು. ಖಾಕಿ ಚಡ್ಡಿ ಹಾಕಿದ ಎಸ್ಟೇಟ್ ರೈಟರ್ ಇಳಿದ. ಕೂಲಿಗಳ ಹಾಜರಿ ಹಾಕಿ ತೋಟದ ಕೆಲಸ ನೋಡಿಕೊಳ್ಳುವವರನ್ನು ಇಲ್ಲಿ ರೈಟರ್ ಅಂತಾರೆ. "ಎಂತ ಸಾರ್ ಇದು? ಚೈನಾ? ಅದು ನಮ್ಮ ಶೆಡ್ಡಲ್ಲಿ ಮಾಡಿಸುವ. ನೀವು ಮನೆಗೆ ಬನ್ನಿ, ಅಮ್ಮ ಇದ್ದಾರೆ" ಅಂತ ಸೈಕಲ್ಲನ್ನು ಜೀಪಿನ ಹಿಂದಕ್ಕೆ ಕಟ್ಟಿಯೇಬಿಟ್ಟ. ಗುರುತು ಪರಿಚಯ ಇಲ್ಲದವರನ್ನು ಹೀಗೆ ಊಟಕ್ಕೆ ಎಳೆದುಕೊಂಡು ಹೋಗೋ ಜನ ನಮ್ಮ ಊರಲ್ಲೂ ಇದ್ದಾರೆ, ಅವರು ಮೊದಲು ಯಾರ ಪೈಕಿ ಅಂತ ಕೇಳಿಕೊಳ್ಳುತ್ತಾರೆ.

ರೈಟರನ ತಾಯಿ ದೇವಕ್ಕ ಬಾಗಿಲಲ್ಲೇ ನಿಂತಿದ್ದರು. "ಬನ್ನಿ ಬನ್ನಿ, ಚಳಿ ಉಟ್ಟು" ಅಂದರು. ಅವರದು ಅರೆಭಾಷೆ. ಕನ್ನಡವೇ, ಆದರೆ ನಾವು 'ಇದೆ' ಅನ್ನೋದಕ್ಕೆ ಅವರು 'ಉಟ್ಟು' ಅಂತಾರೆ. ನಮ್ಮ ಮುಖ ನೋಡಿ ಆಮೇಲೆ ನಮ್ಮ ಕನ್ನಡಕ್ಕೇ ತಿರುಗಿಕೊಂಡರು. ಅಕ್ಕಿ ರೊಟ್ಟಿ, ಕೋಳಿ ಸಾರು ಬಡಿಸಿದರು. ಹೊಟ್ಟೆ ಬಿರಿಯೋ ಹಾಗೆ ಉಂಡೆವು.

ಊಟ ಮುಗಿಸಿ ಜಗಲಿಯಲ್ಲಿ ಕೂತಾಗ ನಮ್ಮವರು, "ನಿಮ್ಮ ಕಡೆ ಮುದುಕರು ಗಟ್ಟಿ. ದಾರೀಲಿ ಒಬ್ಬರು ಸಿಕ್ಕಿದ್ರು" ಅಂತ ಕಂಬಳಿ, ಬೆತ್ತ ಎಲ್ಲ ವರ್ಣಿಸಿದರು. ಎಲೆ ಅಡಿಕೆ ಮಡಿಚುತ್ತಿದ್ದ ದೇವಕ್ಕನ ಕೈ ನಿಂತಿತು.

"ಎಲ್ಲಿ ಕಂಡದ್ದು?"

"ಬೇಲಿ ಎತ್ತರ ಇರೋ ಕಡೆ, ತಿರುವಿನಲ್ಲಿ."

"ಅದು ನಮ್ಮ ಮಾವನವರ ಜಾಗ" ಅಂದರು ದೇವಕ್ಕ. ಅವರ ಮಾವ ತೀರಿಕೊಂಡು ಹನ್ನೆರಡು ವರ್ಷ ಆಗಿತ್ತು.

ಇದನ್ನು ಇಲ್ಲಿಯ ಜನ ಹೆದರಿಕೆಯಿಂದ ಹೇಳೋದಿಲ್ಲ. ತೀರಿಕೊಂಡ ಹಿರಿಯರು ಮನೆ ಬಿಟ್ಟು ಎಲ್ಲಿಗೂ ಹೋಗೋದಿಲ್ಲ, ವರ್ಷಕ್ಕೊಮ್ಮೆ ಅವರಿಗೆ ರೊಟ್ಟಿ, ಕೋಳಿ ಸಾರು, ಒಂದು ಲೋಟ ಕಳ್ಳು ಎಡೆ ಇಡಬೇಕು. ಇಟ್ಟರೆ ಕಾಯುತ್ತಾರೆ. ಆ ವರ್ಷ ತೋಟದ ಕೆಲಸದ ಗಡಿಬಿಡಿಯಲ್ಲಿ ದೇವಕ್ಕ ಎಡೆ ಇಟ್ಟಿರಲಿಲ್ಲ. ಅದೇ ಅವರ ಗಾಬರಿ. "ಕೋಪದಲ್ಲಿ ಇದ್ರಾ ಸಾರ್? ಮುಖ ಹೇಗಿತ್ತು?" ಅಂತ ಮತ್ತೆ ಮತ್ತೆ ಕೇಳಿದರು.

"ಮಾತಲ್ಲಿ ಯಾಕೆ, ಬರೆದೇ ಕೊಡ್ತೀನಿ" ಅಂದರು ನಮ್ಮವರು. ರೈಟರ್ ಹಾಜರಿ ಪುಸ್ತಕದ ಒಂದು ಹಾಳೆ ಹರಿದು ಪೆನ್ಸಿಲ್ ಕೊಟ್ಟ.

ಗಂಡ ಚಿತ್ರ ಬರೆಯೋದನ್ನು ನೋಡಿ ಎಷ್ಟು ವರ್ಷವಾಗಿತ್ತು! ಖುಷಿಯಿಂದ ಬಗ್ಗಿ ನೋಡಿದೆ. ಕಂಬಳಿ ಬಂತು, ಭುಜ ಬಂತು. ಆಮೇಲೆ ಮುಖ. ಮುಖದ ಗೆರೆ ಮುಗಿಯುವಲ್ಲಿ ಮುಗಿಯಲಿಲ್ಲ, ಕಿವಿಯನ್ನು ಕೊಯ್ದುಕೊಂಡು ಹೋಯಿತು. ಒಂದು ಕಣ್ಣು ಹಣೆಯ ಕೆಳಗೆ ಇತ್ತು. ಇನ್ನೊಂದು ಕಣ್ಣನ್ನು ಕೆನ್ನೆಯ ಆಚೆ ಬರೆದರು. ಬಾಯಿ ಓರೆಯಾಗಿ ಗದ್ದದ ಮೇಲೆ ಬಿತ್ತು. ಅವರ ಪೆನ್ಸಿಲ್ ಮಾತ್ರ ಒಂದು ಸಲವೂ ತಡವರಿಸಲಿಲ್ಲ. ಬರೆದು ಮುಗಿಸಿ ಹಾಳೆಯನ್ನು ದೂರ ಹಿಡಿದು, ಕೋಳಿಯ ಹಾಗೆ ಕತ್ತು ಓರೆಮಾಡಿ, "ಸುಮಾರಾಗಿ ಬಂದಿದೆ" ಅಂದರು.

ಗೇಟಿನ ಕಂಬ, ಓರೆ ಕತ್ತು, ಗೌರಿಹಬ್ಬ, 'ಮುಂದೆ ಏನಿದೆ ಹೇಳು' ಎಲ್ಲ ಒಟ್ಟಿಗೆ ಬಂದು ನನ್ನ ಮೇಲೆ ಬಿದ್ದವು. ಈ ಮನುಷ್ಯನಿಗೆ ಕಣ್ಣು ಕಾಣೋದಿಲ್ಲ, ಓರೆಗಣ್ಣಿಗೆ ಒಂಚೂರು ಕಂಡರೆ ಕಂಡೀತು. ಹಾಸನದಿಂದ ಇಲ್ಲಿಯ ತನಕ ನಾನು ಕುರುಡರ ಹಿಂದೆ ಕೂತು ಬಂದಿದ್ದೇನೆ.

ಜನ ನಗುತ್ತಾರೆ, ಅವರ ಮಾನ ಹೋಗುತ್ತೆ ಅಂತ ಹಾಳೆ ಕಿತ್ತುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ದೇವಕ್ಕ ಅದನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು.

"ಇವರೇ" ಅಂದರು. "ಕರಡಿ ಹಿಡಿದಿತ್ತು ಮಾವನನ್ನ. ಒಂದು ಕಡೆ ಮುಖ ಹರಿದು ಕಣ್ಣು ಕೆನ್ನೆಗೆ ಬಂದಿತ್ತು. ಸಾಯುವ ತನಕ ಟವೆಲ್ ಸುತ್ತಿಕೊಂಡೇ ಇದ್ರು, ಹೊರಗಿನವರು ಒಬ್ಬರೂ ಆ ಮುಖ ನೋಡಿದ್ದು ಇಲ್ಲ. ನಿಮಗೆ ತೋರಿಸಿದ್ದಾರಲ್ಲ ಸಾರ್!"

ರೈಟರ್ ಎದ್ದುನಿಂತು ಕೈಮುಗಿದ. ನಮ್ಮವರು ಏನೂ ತಿಳಿಯದೆ ನನ್ನ ಕಡೆ ತಿರುಗಿದರು. "ಕರಡಿ ಏನು? ಒಳ್ಳೆ ಲಕ್ಷಣವಾದ ಮುಖ ಅಲ್ವೇನೇ ನಾನು ಬರೆದದ್ದು?"

"ಹೌದು ರೀ. ಚೆನ್ನಾಗಿ ಬಂದಿದೆ" ಅಂದೆ.

ಆ ಸಂಜೆಯೇ ಕನ್ನಿಮೂಲೆಯಲ್ಲಿ, ಅಂದರೆ ಮನೆಯ ನೈಋತ್ಯದಲ್ಲಿ, ಆ ಹಾಳೆಯ ಮುಂದೆ ದೇವಕ್ಕ ಎಡೆ ಇಟ್ಟರು.

ಸಿದ್ದಾಪುರದ ದಾರಿ

ಬೆಳಿಗ್ಗೆ ದೇವಕ್ಕ ಬಾಳೆಲೆಯಲ್ಲಿ ಮೂರು ಪೊಟ್ಟಣ ರೊಟ್ಟಿ ಕಟ್ಟಿಕೊಟ್ಟರು. "ಎರಡು ನಿಮ್ಮದು. ಇದು ಮಾವನದು. ಮುಖ ತೋರಿಸಿದ ಮೇಲೆ ಅವರು ಮಾಕುಟ್ಟದ ಗಡಿ ತನಕ ನಿಮ್ಮ ಜೊತೆ ಬರ್ತಾರೆ, ಅದು ಅವರ ಕ್ರಮ. ಗಡಿ ಹತ್ತಿರ ಮರದ ಬುಡದಲ್ಲಿ ಇಟ್ಟು, ಸಾಕು, ಹಿಂದೆ ಹೋಗಿ ಅಂತ ಹೇಳಿ" ಅಂದರು. ನಮ್ಮ ಕಡೆ ನೆಂಟರನ್ನು ಬಸ್ಸಿನ ತನಕ ಬಿಟ್ಟುಬರುವ ಹಾಗೆ ಅಂದುಕೊಂಡು ತಲೆಯಾಡಿಸಿದೆ.

ಸರಿಮಾಡಿದ ಚೈನು ಹಾಕಿಕೊಂಡು ಹೊರಟೆವು. ನನಗೆ ಇನ್ನೂ ಆಸೆ. ಪೆನ್ಸಿಲ್ ಸರಿಯಿರಲಿಲ್ಲವೇನೋ, ಜಗಲಿಯಲ್ಲಿ ಬೆಳಕು ಸಾಲಲಿಲ್ಲವೇನೋ ಅಂತ. ಖಾತ್ರಿ ಆಗಬೇಕಿತ್ತು. ರಸ್ತೆ ನೇರವಾಗಿ, ಮಂಜು ತೆಳ್ಳಗಾಗಿದ್ದ ಒಂದು ಕಡೆ ನಾನು ಬಾಯಿ ಮುಚ್ಚಿದೆ.

ಮದುವೆಯಾದ ಮೇಲೆ ಇಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಅದೇ ಮೊದಲು. ಸೈಕಲ್ ಮೆಲ್ಲಗೆ ಎಡಕ್ಕೆ ವಾಲಿತು, ಸರಿಹೋಯಿತು, ಬಲಕ್ಕೆ ವಾಲಿತು. ಮುಂದೆ ತಿರುವು ಬಂತು. ಸುಣ್ಣ ಬಳಿದ ಕಲ್ಲುಗಳು ಹಾಡಹಗಲಿನಲ್ಲಿ ಬೆಳ್ಳಗೆ ನಿಂತಿದ್ದವು. ನಮ್ಮವರು ತಿರುಗಿಸಲಿಲ್ಲ. ಕಲ್ಲುಗಳ ನಡುವೆ ನೇರವಾಗಿ ಹೋಗಿ ಕಾಫಿ ಗಿಡದೊಳಗೆ ನುಗ್ಗಿ ಇಬ್ಬರೂ ಬಿದ್ದೆವು.

"ಯಾಕೇ ಸುಮ್ಮನಾದೆ?" ಅಂದರು, ಬಿದ್ದಲ್ಲಿಂದಲೇ. ಪೆಟ್ಟಾಯಿತಾ ಅಂತ ಕೇಳಲಿಲ್ಲ.

"ಗಂಟಲು ಕಟ್ಟಿತ್ತು" ಅಂದೆ.

"ಮುಂದಿನ ಚಕ್ರದ ರಿಮ್ಮು ಸೊಟ್ಟಗಾಗಿದೆ, ಅದಕ್ಕೇ" ಅಂದರು ಅವರು. ನಾನು ಮೊಣಕೈಯ ರಕ್ತ ಒರೆಸಿಕೊಂಡು ಮತ್ತೆ ಹತ್ತಿದೆ. ವಿರಾಜಪೇಟೆಯ ತನಕ ಒಂದು ಕಲ್ಲು, ಒಂದು ನಾಯಿ ಬಿಡದೆ ಎಲ್ಲ ಹೇಳಿದೆ. ನಡುವೆ ಮೂರು ಸಲ ಅವರು ಬೆಲ್ ಹೊಡೆದರು. ಮೂರು ಸಲವೂ ರಸ್ತೆಯಲ್ಲಿ ಯಾರೂ ಇರಲಿಲ್ಲ. ಯಾರು ಅಂತ ನಾನು ಕೇಳಲಿಲ್ಲ.

ವಿರಾಜಪೇಟೆ

ಇಲ್ಲಿ ಇಳಿದುಕೊಂಡ ಕೋಣೆಯಲ್ಲಿ ಒಂದು ತಪ್ಪಾಯಿತು. ಹಸಿವು ಅಂದರೆ ಅಂಥ ಹಸಿವು. ಇಬ್ಬರೂ ಕೂತು ತಿಂದೆವು. ಕೊನೆಗೆ ನೋಡಿದರೆ ನನ್ನ ಮುಂದೆ ಮೂರು ಬಾಳೆಲೆ ಬಿಚ್ಚಿಕೊಂಡಿವೆ. ಮೂರನೆಯದನ್ನು ಯಾರು ಬಿಚ್ಚಿದ್ದು, ಯಾವಾಗ ತಿಂದದ್ದು, ದೇವರಾಣೆಗೂ ನೆನಪಿಲ್ಲ. ಪೇಟೆಯಲ್ಲಿ ನಾಲ್ಕು ಕಿತ್ತಳೆ ಕೊಂಡು ಚೀಲಕ್ಕೆ ಹಾಕಿದೆ.

ಮಾರನೆಯ ದಿನ ಮಾಕುಟ್ಟದ ಘಾಟಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ, ಉದ್ದಕ್ಕೂ ಇಳಿತ. 'ನಿಮಗೆ ಕಣ್ಣು ಕಾಣೋದಿಲ್ಲ, ವಾಪಸ್ ಹೋಗೋಣ' ಅಂದುಬಿಡಬಹುದಿತ್ತು. ಆದರೆ ಅವರು ಅದನ್ನು ನನ್ನಿಂದ ಬಚ್ಚಿಟ್ಟುಕೊಂಡು ಬಂದದ್ದೇ ಆ ಕಾಡನ್ನು ಕೊನೆಯ ಸಲ ನೋಡಲಿಕ್ಕೆ. ನಾನು ಹಾಗಂದರೆ ಕಣ್ಣನ್ನು ನಾನೇ ಕಿತ್ತ ಹಾಗಾಗುತ್ತಿತ್ತು.

ಬೆಳಿಗ್ಗೆ ಸೀರೆಯನ್ನು ನನ್ನ ಅತ್ತೆ ಉಡುತ್ತಿದ್ದ ಹಾಗೆ ಕಚ್ಚೆ ಹಾಕಿ ಉಟ್ಟೆ. ಹೊರಗೆ ಬಂದು ಮುಂದಿನ ಸೀಟಿನ ಹತ್ತಿರ ನಿಂತೆ.

"ಇಷ್ಟು ದೂರ ನಿಮ್ಮ ಬೆನ್ನು ನೋಡಿ ಸಾಕಾಗಿದೆ. ಇವತ್ತು ನನ್ನ ಬೆನ್ನು ನೀವು ನೋಡಿ" ಅಂದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಹ್ಯಾಂಡಲ್ ಮೇಲೆ ಒಂದು ಸಲ ಕೈಯಾಡಿಸಿದರು. ಆಮೇಲೆ ಹಿಂದಕ್ಕೆ ಹೋಗಿ ಹತ್ತಿದರು.

ಮಾಕುಟ್ಟದ ಘಾಟಿ

ನನ್ನ ಮಂಡಿ ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ಎರಡೂ ಬ್ರೇಕು ಹಿಡಿದು ಕೈ ಜೋಮು ಹಿಡಿಯಿತು. ಕಡಿದಾದ ಕಡೆ ಇಳಿದು ನಡೆಸಿದೆ. ಮಂಜು ಎಷ್ಟು ದಟ್ಟ ಅಂದರೆ ನನ್ನ ಮುಂದಿನ ಚಕ್ರವೇ ಕಂಡು ಕಂಡು ಮರೆಯಾಗುತ್ತಿತ್ತು. ಈ ದಾರಿಯಲ್ಲಿ ಕಣ್ಣಿದ್ದ ನಾನೂ ಅವರೂ ಒಂದೇ.

ಹಿಂದಿನಿಂದ ಅವರು ಹೇಳತೊಡಗಿದರು. "ಎಡಗಡೆ ಅಜ್ಜ ನಿಂತಿದ್ದಾರೆ, ಬಲಕ್ಕೆ ತಗೋ." ತಗೊಂಡೆ. ಎಡಗಡೆ ಏನಿತ್ತು ಅಂತ ನೋಡುವ ಧೈರ್ಯ ಬರಲಿಲ್ಲ. ತಿರುವು ತಿರುವಿಗೂ ಹಾಗೇ. ನಾವು ಇಳಿಯುತ್ತಿದ್ದೇವೆ, ಆ ಮುದುಕರು ಪ್ರತಿ ತಿರುವಿನಲ್ಲೂ ನಮಗಿಂತ ಮುಂಚೆ ಬಂದು ನಿಂತಿದ್ದಾರೆ.

"ನಿಲ್ಲಿಸು! ನಡುವೆ ನಿಂತಿದ್ದಾರೆ."

ನಿಲ್ಲಿಸಿದೆ. ಕಾಲು ಊರಿ ಸೈಕಲ್ಲನ್ನು ಅವರ ಕೈಗೆ ಕೊಟ್ಟು ಇಪ್ಪತ್ತು ಹೆಜ್ಜೆ ಮುಂದೆ ನಡೆದು ನೋಡಿದೆ. ಮರ ಬಿದ್ದಿಲ್ಲ, ಗುಡ್ಡ ಜರಿದಿಲ್ಲ. ಒದ್ದೆ ರಸ್ತೆ, ಅಷ್ಟೇ. ತಿರುಗಿ ಬಂದೆ.

"ಹೋದ್ರಾ?"

"ಇಲ್ಲ. ನಿನ್ನ ಜೊತೆಗೇ ಹೋದ್ರು, ನಿನ್ನ ಜೊತೆಗೇ ಬಂದ್ರು."

ನನಗೆ ಮೂರನೇ ಪೊಟ್ಟಣ ನೆನಪಾಯಿತು. ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿದು ಮರದ ಬುಡದಲ್ಲಿಟ್ಟೆ. "ತಪ್ಪಾಯ್ತು, ನಿಮ್ಮ ಪಾಲು ತಿಂದುಬಿಟ್ವಿ. ಸಾಕು, ಹಿಂದೆ ಹೋಗಿ" ಅಂದೆ. ವಯಸ್ಸಾದವಳು ಖಾಲಿ ರಸ್ತೆಗೆ ಕೈಮುಗಿದು ನಿಂತದ್ದನ್ನು ಹಾಸನದವರು ಯಾರಾದರೂ ನೋಡಿದ್ದರೆ ಏನನ್ನುತ್ತಿದ್ದರೋ.

"ಈಗ?"

"ಇಲ್ಲೇ ಇದ್ದಾರೆ. ನಿನ್ನನ್ನೇ ನೋಡ್ತಿದ್ದಾರೆ."

"ನಿಮಗೆ ಅಷ್ಟು ಚೆನ್ನಾಗಿ ಕಾಣುತ್ತಾ?"

"ಕಾಣುತ್ತೆ. ಕಂಬಳಿಯ ಒಂದೊಂದು ನೂಲೂ ಕಾಣುತ್ತೆ. ರೆಪ್ಪೆಯ ಮೇಲಿನ ಮಂಜಿನ ಹನಿ ಕಾಣುತ್ತೆ." ಅವರು ಸೈಕಲ್ಲನ್ನು ಸೊಂಟಕ್ಕೆ ಒರಗಿಸಿಕೊಂಡರು. "ನಿನ್ನ ಮುಖ ಮಾತ್ರ ಕಾಣೋದಿಲ್ಲ ಕಣೇ. ಗೌರಿಹಬ್ಬದಿಂದ ಕಂಡಿಲ್ಲ."

ನಾನು ಅತ್ತುಬಿಟ್ಟೆ. ಅಳುತ್ತಲೇ ಬೈದೆ. ಹೇಳಬಾರದಿತ್ತಾ, ಹೆಂಡತಿ ಅಂತ ಯಾಕಿದ್ದೀನಿ, ಆ ಕಾಫಿ ಗಿಡದ ಬದಲು ಕಣಿವೆ ಇದ್ದಿದ್ದರೆ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಕತ್ತು ಓರೆಮಾಡಲಿಲ್ಲ, ನೇರವಾಗಿ ನನ್ನ ಕಡೆ ತಿರುಗಿ ನಿಂತು ಕೇಳಿಸಿಕೊಂಡರು. ಬೈದು ಸಾಕಾದ ಮೇಲೆ ಮೂಗು ಒರೆಸಿಕೊಂಡು ಕೇಳಿದೆ, "ನಿಮ್ಮ ಆ ಕಾಡು ಇಳಿಯೋ ಜಾಗ ಎಲ್ಲಿ?"

"ಇದೇ ಇರಬೇಕು. ಏನು ಕಾಣುತ್ತೆ ನಿಂಗೆ?"

ನನಗೆ ಬೆಳ್ಳಗಿನ ಮಂಜು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೋಗಿದೆ ರೀ" ಅಂದೆ. "ಮೇಲಿನದು ಕಪ್ಪು ಹಸಿರು, ಅದರ ಕೆಳಗೆ ತಿಳಿ ಹಸಿರು, ಕೆಳಗೆ ಕೆಳಗೆ ನೀಲಿ." ಅವರು ಹಿಂದೆಂದೋ ಬರೆದು ನಮ್ಮ ನಡುಮನೆಯಲ್ಲಿ ನೇತುಹಾಕಿದ್ದ ಚಿತ್ರದಲ್ಲಿ ಹಾಗೇ ಇತ್ತು.

"ಹೌದು, ಹಾಗೇ ಇತ್ತು" ಅಂದರು. ಬಹಳ ಹೊತ್ತು ಆ ಕಡೆಯೇ ನೋಡಿದರು.

ಆಮೇಲೆ ಇಬ್ಬರೂ ಹತ್ತಿ ಕೂತೆವು. ನಾನು ಬೆಲ್ ಹೊಡೆದೆ. "ಅಜ್ಜ, ಸ್ವಲ್ಪ ದಾರಿ ಬಿಡಿ" ಅಂದೆ. ಬ್ರೇಕು ಬಿಡಲಿಲ್ಲ, ಕಾದೆ. ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಸರಿದ್ರು" ಅಂದರು ಹಿಂದಿನಿಂದ. "ಹೋಗೋಣ ನಡಿ."

ನಾನು ಬ್ರೇಕು ಬಿಟ್ಟೆ.